ಸೀಮೆಸುಣ್ಣದ ಗೆರೆ

ಸಿರಿಮಿರಿ ಅನ್ನುತ್ತಾರೆ ಈ ಬಾಸ್ಕ್ ಕಣಿವೆಯಲ್ಲಿ ಜಿನುಗು ಮಳೆಗೆ.
ಕೊಡೆ ಬಿಚ್ಚುವಷ್ಟು ಮಳೆಯಲ್ಲ ಅದು,
ಮಧ್ಯಾಹ್ನದ ಹೊತ್ತಿಗೆ ಒಳಗಿನ ಬನಿಯನ್ನೂ ತೊಯ್ದಿರುತ್ತದೆ.
ಅಂಥದೊಂದು ಸೋಮವಾರ ಬಂದಳು ಎದುರ್ನೆ
ವಿತೋರಿಯಾದಿಂದ, ಬಾಗಿಲು ನೆಟ್ಟಗೆ ಹಾಕಿಕೊಳ್ಳದ ವ್ಯಾನಿನಲ್ಲಿ.

ತೋರಿಸುವುದಕ್ಕೆ ಏನಿತ್ತು ನಮ್ಮ ಹತ್ತಿರ?
ಖಾಲಿ ಶೆಡ್ಡು. ನೆಲದ ಮೇಲೆ ಪತ್ಚಿ ಎಳೆದ
ಸೀಮೆಸುಣ್ಣದ ಗೆರೆ, ನಾಲ್ಕು ಮೀಟರಿಗೆ ಆರು.
'ಪರೀಕ್ಷಾ ಯಂತ್ರ ಇಲ್ಲಿ ಬರುತ್ತದೆ' ಅಂದ.
ಕೂಸು ಹುಟ್ಟುವ ಮುಂಚೆ ಕುಲಾವಿ ತೋರಿಸಿದ ಹಾಗೆ
ನಾಚಿಕೆ ನನಗೆ.

ಇಷ್ಟು ಬೇಗ ಹೊರಗಿನವರು ಯಾಕೆ?
ಸಭೆಯಲ್ಲೇ ಕೇಳಿದ್ದೆ ನಾನು.
ನಕ್ಷೆ ನಾವು ಬರೆಯೋಣ, ಕಾಂಕ್ರೀಟು ಸುರಿಯೋಣ,
ಆಮೇಲೆ ಬಂದು ತಂತಿ ಜೋಡಿಸಲಿ.
ಹತ್ತೊಂಬತ್ತು ವರ್ಷ ಈ ನೆಲದ ಮೇಲೆ ನಿಂತವಳು,
ನನ್ನ ಮನೆಯ ಅಳತೆಯನ್ನು ನನಗೆ ನೆಂಟರು ಹೇಳಬೇಕೆ?

ಹಳೆಯ ಯಂತ್ರವನ್ನು ಹಾಗೆಯೇ ಕೂರಿಸಿದ್ದೆವು.
ಎಲ್ಲ ಮುಗಿದ ಮೇಲೆ ಬಂದ ಬಿಲ್ಬಾವೊದವರು
ತಲೆಯಾಡಿಸಿ, ರುಜು ಹಾಕಿ, ಬಿಲ್ಲು ಕೊಟ್ಟು ಹೋದರು.
ಕೇಳಲು ಅವರಿಗೆ ಏನು ಉಳಿದಿತ್ತು?
ಉಂಡ ತಟ್ಟೆ ತೊಳೆದಿಟ್ಟ ಮೇಲೆ ಉಪ್ಪು ಸರಿಯಿತ್ತೇ ಎಂದರೆ
ಯಾವ ನೆಂಟ ಸುಳ್ಳು ಹೇಳುವುದಿಲ್ಲ?

ಎದುರ್ನೆ ಗೆರೆಯ ಕಡೆ ನೋಡಲೇ ಇಲ್ಲ.
ಬಾಗಿಲು ಎಷ್ಟು ಅಗಲ, ಕ್ರೇನು ಎಷ್ಟು ಟನ್ನು ಎತ್ತುತ್ತದೆ,
ಎಣ್ಣೆ ಚೆಲ್ಲಿದರೆ ಎತ್ತ ಹರಿಯುತ್ತದೆ,
ಯಂತ್ರವೇ ತಪ್ಪು ಹೇಳಿದರೆ
ತಪ್ಪು ಅನ್ನುವ ಅಧಿಕಾರ ಯಾರಿಗೆ?
ಕೊನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.
ಅವಳು ಅದನ್ನೂ ಬರೆದುಕೊಂಡಳು.

ಮಗುಚಿದ ಪೆಟ್ಟಿಗೆಗಳ ಮೇಲೆ ಕಾಫಿಗೆ ಕೂತೆವು.
ಉಗ್ರಾಣದ ಕೊಲ್ಡೊ ತನ್ನ ಫ್ಲಾಸ್ಕಿನಿಂದ ಎಲ್ಲರಿಗೂ ಬಗ್ಗಿಸಿದ.
ಅವಳು ಲೋಟವನ್ನು ನೆಲದ ಮೇಲಿಟ್ಟಳು,
ಕುಡಿಯದೆ ಬಗ್ಗಿ ನೋಡುತ್ತ ಕೂತಳು.
ನೊಣ ಬಿತ್ತೇನೋ ಅಂದುಕೊಂಡೆ.
'ಇದೇನು?'

ಕಾಫಿಯ ಮೇಲೊಂದು ಉಂಗುರ.
ಅಂಚಿಗೆ ಹೋಗಿ ಕರಗಿತು.
ತುಸು ತಡೆದು, ಮತ್ತೊಂದು.

ಹೊಳೆಯಾಚೆಯ ಕುಲುಮೆಯ ಸುತ್ತಿಗೆ, ಎಂಟು ಟನ್ನಿನದು,
ನಮ್ಮಪ್ಪನ ಕಾಲದಿಂದ ಬಡಿಯುತ್ತಿದೆ.
ಅದರ ಸದ್ದಿಗೇ ಇಲ್ಲಿಯ ಮಕ್ಕಳು ನಿದ್ದೆ ಹೋಗುತ್ತವೆ,
ಆಗಸ್ಟಿನ ರಜೆಯಲ್ಲಿ ಅದು ನಿಂತ ರಾತ್ರಿ
ಬೆಚ್ಚಿ ಏಳುತ್ತವೆ.
'ಎಲ್ಲಿ? ಏನು?' ಅಂದೆ ನಾನು. ನಿಜವಾಗಿಯೂ ಕಾಣದೆ.

ಅವಳು ಕೈಗಡಿಯಾರ ಬಿಚ್ಚಿ ಲೋಟದ ಪಕ್ಕಕ್ಕಿಟ್ಟು ಎಣಿಸಿದಳು.
ಹದಿಮೂರು ಸೆಕೆಂಡಿಗೊಮ್ಮೆ.

ಹದಿಮೂರು.
ಆ ಸಂಖ್ಯೆಯ ಪರಿಚಯ ನನಗಿತ್ತು.
ಹಳೆಯ ಯಂತ್ರದ ಕಾಗದದಲ್ಲಿ, ಕಂಪನದ ಗೆರೆಯ ಮೇಲೆ
ಹದಿಮೂರು ಸೆಕೆಂಡಿಗೊಂದು ಮುಳ್ಳು ಏಳುತ್ತಿತ್ತು.
ಸ್ಪಿಂಡಲ್ಲಿನ ದೋಷ ಎಂದು ಬರೆದದ್ದು ಈ ಕೈ.
ಮೂವತ್ತೊಂದು ಸ್ಪಿಂಡಲ್ಲುಗಳನ್ನು ಬಿಚ್ಚಿದೆವು, ಗುಜರಿಗೆ ಹಾಕಿದೆವು.
ಸಿಗದ ದೋಷಕ್ಕೆ ಒಂದು ಹೆಸರಾದರೂ ಬೇಕಲ್ಲ.
ಕೊಲ್ಡೊನ ಕೈ ನಡುಗುತ್ತದೆ, ವಯಸ್ಸಾಯಿತು ಅಂದೆವು.
ಸಾಣೆ ಯಂತ್ರದ ಮುಂದಿನಿಂದ ಎಬ್ಬಿಸಿ
ಉಗ್ರಾಣದ ಬೀಗದ ಕೈ ಕೊಟ್ಟೆವು.

ಯಾರೂ ಅವನ ಕಡೆ ನೋಡಲಿಲ್ಲ.
ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ,
ಬಿಗಿಯಾದ ಮೇಲೂ.

'ಅಲ್ಲಿ, ಗುಡ್ಡದ ಮಗ್ಗುಲಿಗೆ,' ಅಂದಳು ಎದುರ್ನೆ,
'ಕೆಳಗೆ ಬಂಡೆ ಇದೆ. ಸುತ್ತ ಕಂದಕ, ಅಡಿಗೆ ರಬ್ಬರು.
ಮುಂದಿನ ವರ್ಷ ಕೇಳಿದ್ದರೆ ಶೆಡ್ಡು ಒಡೆಯಬೇಕಿತ್ತು.
ಈಗ ಒಂದು ಸೀಮೆಸುಣ್ಣ ಸವೆಯುತ್ತದೆ, ಅಷ್ಟೆ.'
ಪತ್ಚಿ ಬೂಟಿನಿಂದ ಹಳೆಯ ಗೆರೆ ಒರೆಸಿದ.
ಅಷ್ಟು ಸುಲಭಕ್ಕೆ ಹೋಯಿತು ಅದು.

'ಕೊಡಿಲ್ಲಿ' ಅಂದ ಕೊಲ್ಡೊ.
ಮಂಡಿಯೂರಿ, ಒಂದೇ ಉಸಿರಿಗೆ,
ದಾರವಿಲ್ಲದೆ, ಪಟ್ಟಿಯಿಲ್ಲದೆ,
ಆರು ಮೀಟರು ಎಳೆದು ಎದ್ದ.

ಅಳತೆಪಟ್ಟಿ ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ.