ಆರನೇ ಟೇಕ್, ತಾಳಗುಪ್ಪ

ಟೈಟಲ್ಲಿನಲ್ಲಿ ನಾನು ಬೇಬಿ ರೇಣುಶ್ರೀ.
ವೋಚರಿನಲ್ಲಿ ಈಗ ರೇಣಕ್ಕ, ಪ್ರೊಡಕ್ಷನ್.
ನೂರಾ ಎಂಬತ್ತು ಇಡ್ಲಿ, ಎರಡು ಜನರೇಟರ್,
ನಾಯಕನ ಚಿಕ್ಕಪ್ಪನಿಗೊಂದು ಬೇರೆ ಕಾರು,
ಹಳಿ ಮುಗಿಯುವ ಈ ಊರಿನಲ್ಲಿ
ರೈಲು ಬರದ ಹೊತ್ತು ನೋಡಿ
ಪ್ಲಾಟ್‌ಫಾರಂ ಹಿಡಿದದ್ದು, ಎಲ್ಲ ನನ್ನ ಲೆಕ್ಕ.

ಚಹಾದವನು ಲೋಟ ತೊಳೆಯುತ್ತ ನಿಂತುಬಿಟ್ಟ:
"ನೀವು ಆ ಜ್ವರ ಬಂದು ಸತ್ತ ಹುಡುಗಿ ಅಲ್ವಾ?
ನಮ್ಮವ್ವ ಎರಡು ದಿನ ಊಟ ಬಿಟ್ಟಿದ್ಲು."
ಹೌದು ಅಂದೆ. ಹದಿನಾಲ್ಕು ಚಹಾ. ಬಿಲ್ ಕೊಡಿ.

ಸಾಯುವುದು ಸುಲಭವಿತ್ತು, ಕಣ್ಣು ಮುಚ್ಚಿದರೆ ಆಯ್ತು.
ಅಳುವುದೇ ಬರುತ್ತಿರಲಿಲ್ಲ.
ಗ್ಲಿಸರಿನ್ ಹಾಕಿದರೆ ಕಣ್ಣು ಕೆಂಪು, ಕ್ಲೋಸಪ್ಪಿಗೆ ಆಗಲ್ಲ ಅಂತ
ಯಾರೋ ಬಂದು ಕಿವಿಯಲ್ಲಿ ಹೇಳಿದರು:
ನಿಮ್ಮಮ್ಮ ಸಾಗರದ ಬಸ್ ಹತ್ತಿ ಹೋದ್ಲು,
ಇನ್ನು ಬರಲ್ಲಂತೆ.

ಒಂದೇ ಟೇಕು. ಚಪ್ಪಾಳೆ.
ಅಮ್ಮ ವ್ಯಾನಿನ ಹಿಂದೆ ಇದ್ದಳು,
ನನ್ನ ಫ್ರಾಕಿಗೆ ಗುಂಡಿ ಹೊಲಿಯುತ್ತ,
ಕಚ್ಚಿದ ದಾರ ಇನ್ನೂ ಹಲ್ಲಿನಲ್ಲಿ.
ಅವಳಿಗೂ ಗೊತ್ತಿತ್ತೋ ಏನೋ, ಇವತ್ತಿಗೂ ಕೇಳಿಲ್ಲ.
ಡಬ್ಬಿಂಗ್ ಕಾಲ ಅದು. ಆ ಪಿಸುಮಾತು ಯಾವ ರೀಲಿನಲ್ಲೂ ಇಲ್ಲ.
ನನ್ನ ಅಳುವಿಗೂ ಮೂವತ್ತು ದಾಟಿದ ಹೆಂಗಸೊಬ್ಬಳ ದನಿ.

ಇವತ್ತಿನ ಮಗು ಆನವಟ್ಟಿಯದು, ಪ್ರಣತಿ, ಆರು ವರ್ಷ.
ಮುಂದಿನ ಹಲ್ಲು ನಿನ್ನೆ ಬಿತ್ತು,
ಕಂಟಿನ್ಯುಟಿಯವನಿಗೆ ಅದೇ ತಲೆನೋವು.
ಐದು ಟೇಕಾದರೂ ನಗುತ್ತಾಳೆ. ಅಳು ಅಂದರೆ
ಆ ಸಂದಿಯಲ್ಲಿ ನಾಲಿಗೆ ತೂರಿಸಿ ತೋರಿಸುತ್ತಾಳೆ.
ನಿರ್ದೇಶಕ ಹತ್ತಿರ ಬಂದು ಮೆಲ್ಲಗೆ:
"ಅಕ್ಕಾ, ನಿಮಗೆ ಗೊತ್ತಲ್ಲ. ಏನಾದ್ರೂ ಹೇಳಿ."

ಗೊತ್ತು.
ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಇಡೀ ಯೂನಿಟ್ ಉಸಿರು ಹಿಡಿದಿತ್ತು.
ಕಿವಿಯಲ್ಲಿ ಹೇಳಿದೆ:
ನಿಮ್ಮಮ್ಮ ಅಲ್ಲೇ ಕೂತಿದಾಳೆ, ಹಸಿರು ಛತ್ರಿ ಹತ್ರ. ಕಂಡಳಾ?
ಬಿಸ್ಕತ್ತು ಯಾವುದು ಬೇಕು, ಉಪ್ಪಿಂದಾ, ಕ್ರೀಮಿಂದಾ?

ಆಮೇಲೆ ಜನರೇಟರಿನ ಹುಚ್ಚರಾಯಪ್ಪನ ಕಡೆ ನೋಡಿದೆ.
ಇಪ್ಪತ್ತು ವರ್ಷದ ಪರಿಚಯ, ಮಾತು ಬೇಕಿಲ್ಲ.
ಲೈಟೆಲ್ಲ ಒಮ್ಮೆಗೇ ಹೋಯಿತು.

ರಾತ್ರಿ ರಿಪೋರ್ಟಿನಲ್ಲಿ ಬರೆದೆ:
ಸೀನ್ ನಲವತ್ತೆರಡು, ಆರನೇ ಟೇಕ್ ಆಗಲಿಲ್ಲ,
ಡೀಸೆಲ್ಲಿನಲ್ಲಿ ನೀರು.
ಬಿಸ್ಕತ್ತು, ಇಪ್ಪತ್ತು ರೂಪಾಯಿ.

ಮಗುವಿನ ಫ್ರಾಕಿನೊಳಗೆ ಮೈಕ್ ಇತ್ತು, ಮರೆತಿದ್ದೆ.
ಸೌಂಡಿನ ಹುಡುಗ ಕಿವಿಯಿಂದ ಹೆಡ್‌ಫೋನ್ ಇಳಿಸಿ
ವೈರು ಸುತ್ತುತ್ತ ಹತ್ತಿರ ಬಂದ.
ಏನೂ ಅನ್ನಲಿಲ್ಲ.
"ಕ್ರೀಮಿಂದು ಉಳಿದಿದ್ಯಾ ಅಕ್ಕಾ" ಅಂದ, ಅಷ್ಟೇ.