ಫುರಸತ್ತು

ಯಾದಗಿರಿ ಬಸ್ ನಿಲ್ದಾಣದಾಗ
ಕಬ್ಬಿಣದ ಜಾಳಗಿ ಹಿಂದ ಕುಂತು
ಊರೂರ ಹೆಸರು ಕೂಗೋದು ನನ್ನ ಕೆಲಸ.
ಧೂಳು ಹೋಗಬಾರದಂತ ಮೈಕಿಗೆ ಹಳೇ ಕುಪ್ಪಸದ ಅರಿವಿ ಕಟ್ಟೀನಿ.
ಟೇಬಲ್ ಮ್ಯಾಲ ಗಾಡಿ ಬಂದು ಹೋದ ರಿಜಿಸ್ಟರ್,
ರಿಜಿಸ್ಟರಿನ ಹೊಟ್ಟಿಯೊಳಗ
ರೂತಮ್ಮ ಸಿಸ್ಟರ್ ಕೊಟ್ಟ ಕಾದಂಬರಿ.

ಎರಡಕ್ಕ ಸೇಡಂ ಗಾಡಿ ಬಿಟ್ಟರ
ಎರಡೂ ನಲವತ್ತಕ್ಕ ಗುರುಮಠಕಲ್.
ನಡುವಿನ ಆ ನಲವತ್ತು ನಿಮಿಷ
ಸರಕಾರದ್ದಲ್ಲ, ಗಂಡಂದಲ್ಲ,
ನಾಳಿನ ಪಲ್ಯದ್ದೂ ಅಲ್ಲ.
ಚಪ್ಪಲಿ ಬಿಟ್ಟು, ಕಾಲು ಕುರ್ಚಿ ಮ್ಯಾಲ ಮಡಚಿ
ಕಿವಿ ಮುರಿದ ಪುಟ ಹುಡುಕತೀನಿ.

ರೂತಮ್ಮನ ಪುಸ್ತಕಕ್ಕ ಹೆರಿಗಿ ವಾರ್ಡಿನ ವಾಸನಿ.
ರಾತ್ರಿ ಪಾಳಿಯಾಗ, ಬ್ಯಾನಿ ತಿನ್ನೋರ ನಡುವ ಓದಿ
ಅಂಚಿಗೆ ಪೆನ್ಸಿಲಿಲೆ ಬರದಿರ್ತಾಳ:
‘ಇವನ ನಂಬಬ್ಯಾಡ.’
ಇನ್ನೊಂದು ಕಡೆ, ಸಣ್ಣಗ:
‘ಇಲ್ಲಿ ಅತ್ತೆ. ಎರಡನೇ ಸಲ.’
ನಾ ಅಲ್ಲಿಗೆ ಬಂದಾಗ
ಆಕಿಗಿಂತ ಒಂದು ಸಾಲು ಮೊದಲೇ ಅಳತೀನಿ.

ನಾಯಕ ಪ್ರದ್ಯುಮ್ನ ಆರಡಿ.
ಎಲ್ಲಾ ಕಾದಂಬರಿಯಾಗೂ ಆರಡಿನೇ.
ಐದೂ ಮೂರಿನವರು ಪಾಪ
ಯಾರ ಕತಿಗೆ ಹೋಗಿ ನಿಲ್ಲಬೇಕು?
ನಮ್ಮನಿಯವರು ಐದೂ ಮೂರು.
ಮ್ಯಾಲಿನ ಡಬ್ಬಿ ನಾನೇ ಇಳಸಬೇಕು,
ಆದ್ರೂ ನಾ ಓದುವಾಗ ದೀಪ ಆರಸಂಗಿಲ್ಲ,
ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡು ಮಲಗತಾರ.
ಅಂಥಾದ್ದು ಯಾರೂ ಬರದಿಲ್ಲ ಇನ್ನೂ.

ಕಂಟ್ರೋಲರ್ ದೇವಿಂದ್ರಪ್ಪ ನಗತಾರ:
‘ಎಲ್ಲಾ ಸುಳ್ಳು ಕತಿ ಮೇಡಂ. ಕಡೀಕ ಮದುವಿ. ನನಗ ಮೊದಲೇ ಗೊತ್ತು.’
ಗೋಡಿಗೆ ತೂಗಿದ ವೇಳಾಪಟ್ಟಿ ತೋರಿಸಿ ನಾನಂದೆ:
‘ಅದೇನು ಖರೇ ಏನ್ರಿ?’

ಗಾಡಿ ಬರ್ತದ ಅಂತ ಗೊತ್ತಿದ್ದೂ
ಮಂದಿ ಕತ್ತು ಉದ್ದ ಮಾಡಿ ನೋಡಂಗಿಲ್ಲೇನು?
ಹಂಗ ನನಗೂ.

ಕಸ ಹೊಡಿಯೋ ಹುಲಿಗೆಮ್ಮಗ ಅಕ್ಷರ ಬರಂಗಿಲ್ಲ.
ದಿನಾ ಜಾಳಗಿಗೆ ಮಾರಿ ಹಚ್ಚಿ, ‘ಮುಂದ?’ ಅಂತಾಳ.
ಆಕಿಗೆ ಹೇಳುವಾಗ
ಅತ್ತಿನ್ನ ಎರಡು ಅಧ್ಯಾಯ ಮೊದಲೇ ಸಾಯಸ್ತೀನಿ.
ಕಸಬರಿಗಿ ನೆಲಕ್ಕ ಕುಟ್ಟಿ
‘ಛಲೋ ಆತು’ ಅಂತಾಳ.

ಮೇ ತಿಂಗಳ ಒಂದಿನ, ಫ್ಯಾನ್ ಕೆಟ್ಟು ನಿಂತಿತ್ತು.
ಮಧುರಿಮಾ ಇಬ್ಬನಿಪುರದ ಕಡೇ ಬಸ್ಸಿಗೆ ಕಾಯಲಿಕ್ಕತ್ತಿದ್ಲು,
ಕೈಯಾಗ ಒಡೀಲಾರದ ಪತ್ರ, ಮಂಜು ಗೇಣು ದೂರ.
ಕಿಟಕಿಯಾಗ ಡ್ರೈವರ್ ಚೀಟಿ ಚಾಚಿದ.
ಪುಟದಿಂದ ಕಣ್ಣು ಕೀಳಲಾರದ ಬಟನ್ ಒತ್ತಿದೆ:

‘ಪ್ರಯಾಣಿಕರ ಗಮನಕ್ಕೆ.
ಇಬ್ಬನಿಪುರಕ್ಕೆ ಹೋಗುವ ಬಸ್ಸು
ನಾಲ್ಕನೇ ಅಂಕಣದಲ್ಲಿ ನಿಂತಿದೆ.’

ಹೇಳಿದ ಮ್ಯಾಲ ನಾಲಿಗಿ ಕಚ್ಚಿಕೊಂಡೆ.
ಶೇಂಗಾದ ಹುಡುಗ ನಗಲಿಲ್ಲ, ಯಾರೂ ನಗಲಿಲ್ಲ.
ಕಂಬದ ಬುಡಕ್ಕ ಕುಂತಿದ್ದ ಒಬ್ಬಾಕಿ,
ಹೆಚ್ಚುಕಮ್ಮಿ ನನ್ನ ವಾರಗಿ, ಬಗಲಾಗ ಮಲಗಿದ ಕೂಸು,
ಚೀಲ ಹೆಗಲಿಗೆ ಏರಿಸಿ ಎದ್ದು ಬಂದ್ಲು.
‘ಅಕ್ಕಾ, ಅದಕ್ಕ ಟಿಕೇಟು ಎಷ್ಟು?’

‘ಎಲ್ಲಿಗೆ ಹೊಂಟೀರಿ ನೀವು?’
‘ಶಹಾಪುರಕ್ಕ.’
‘ಮತ್ತ ಇದ್ಯಾಕ?’
ಸೆರಗಿಲೆ ಕೂಸಿನ ನೆತ್ತಿ ಒರಸಿ ಅಂದ್ಲು:
‘ಗೊತ್ತಿಲ್ಲ. ಹೆಸರು ತಂಪನ್ನಿಸ್ತು.’

ಬಾಗಲಾ ತಗದು ಒಳಗ ಕರದೆ.
ಬಾಟಲಿ ನೀರು ಕೊಟ್ಟೆ.
ಕೂಸಿನ ಕಾಲು ರಿಜಿಸ್ಟರ್ ಮ್ಯಾಲ.
ಪುಸ್ತಕ ತಿರುಗಿಸಿ ಆಕಿ ಮುಂದಿಟ್ಟೆ,
ಬೆರಳು ಹಚ್ಚಿ ನಿಧಾನ ಓದಿದ್ಲು,
ತುಟಿ ಅಲುಗತಿದ್ವು.
ರೂತಮ್ಮನ ಪೆನ್ಸಿಲ್ ಸಾಲಿಗೆ ಬಂದು ನಕ್ಕಳು.

ಆ ದಿನ ಗುರುಮಠಕಲ್ ಗಾಡಿ ಆರು ನಿಮಿಷ ತಡ.
ಕಾರಣದ ಕಾಲಮ್ಮಿನಾಗ
‘ಟಾಯರ್’ ಅಂತ ಬರದೀನಿ.