ಹವ್ಯಾಸ: ಈಜು

ಮೊದಲು ಆ ಈಜು ತೆಗಿ ತಬಸ್ಸುಮ್.
ನಿನಗೆ ಈಜು ಬರಲ್ಲ, ನನಗೆ ಗೊತ್ತೈತೆ;
ಅದು ಗಾದಿಲಿಂಗನದು.

ಹನ್ನೊಂದು ವರ್ಷದ ಕೆಳಗೆ
ಕೌಲ್ ಬಜಾರಿನ ಈ ಗೂಡಿಗೆ ಕಂಪ್ಯೂಟರ್ ತಂದ ಮೂರನೇ ದಿನ
ಅಲ್ಲೀಪುರದ ಕಾಲುವೆಯಿಂದ ನೇರ, ಒದ್ದೆ ತಲೆಯಲ್ಲೇ ಬಂದಿದ್ದ.
ಹವ್ಯಾಸ ಏನಪ್ಪಾ ಅಂದೆ.
ಕೂದಲಿಂದ ಕೀಬೋರ್ಡಿಗೆ ಎರಡು ಹನಿ.
ಬರಕೊಂಡೆ.

ಆಮೇಲೆ ಬಂದವರಿಗೆಲ್ಲ ಅದೇ ಫೈಲು.
ಹೆಸರು ತೆಗೆ, ಹೆಸರು ಹಾಕು; ಅಪ್ಪನ ಹೆಸರು, ಓಣಿ, ಪರ್ಸೆಂಟು.
ಇಪ್ಪತ್ತು ರೂಪಾಯಿ, ಝೆರಾಕ್ಸ್ ಬೇರೆ.
ಪುಟದ ಬುಡಕ್ಕೆ ಇಳಿಯೋದರೊಳಗೆ ಕರೆಂಟ್ ಹೋಗ್ತಿತ್ತು,
ಇಲ್ಲಾ ಆಧಾರ್ ಪ್ರಿಂಟಿಗೆ ಯಾರೋ ಕೂಗ್ತಿದ್ದರು.
ಹಿಂಗೆ ಅರ್ಧ ಬಳ್ಳಾರಿ ಈಜು ಕಲಿತು,
ನಲ್ಲಿಗೆ ನೀರು ವಾರಕ್ಕೊಮ್ಮೆ ಬರೋ ಊರು.

ತೋರಣಗಲ್ಲಿನ ಇಂಟರ್‌ವ್ಯೂನಾಗೆ ಎರ್ರಿಸ್ವಾಮಿಯನ್ನ ಕೇಳಿದರಂತೆ,
ಎಲ್ಲಿ ಈಜ್ತೀಯಪ್ಪ?
ಅವನು ಕುರ್ಚಿ ಗಟ್ಟಿ ಹಿಡಕೊಂಡನಂತೆ.
ನನ್ನ ಮುಂದೆ ಬಂದು ಕೂತು ನಕ್ಕ.
ಆಮೇಲೆ ನಗಲಿಲ್ಲ.

ಅದಕ್ಕೇ ಹೇಳೋದು.
ಪ್ರಾಮಾಣಿಕ, ಕಷ್ಟಜೀವಿ, ಇವೆಲ್ಲ ನಾನೇ ಸೇರಿಸಿದ್ದು, ತೆಗಿ.
ಸಾವಿರ ಜನಕ್ಕೆ ಒಂದೇ ಅಂಗಿ ತೊಡಿಸಿದೀನಿ.
ಫೋನ್ ನಂಬರ್ ಅಣ್ಣನದು ಯಾಕೆ? ನಿನ್ನದು ಹಾಕು.
ಕರೆದಾಗ ಎತ್ತೋಳು ನೀನು.

ಅನುಭವ?
ಇಲ್ಲ ಅಂಕಲ್, ಫ್ರೆಷರ್, ಅಂತೀಯ,
ಬೆರಳುಗಳನ್ನ ದುಪಟ್ಟಾದೊಳಗೆ ಎಳಕೊಂಡು.
ಆ ಉಗುರಿನ ನೀಲಿ ಯಾವ ಕಾಲೇಜಿಂದು ಮತ್ತೆ?
ನಿಮ್ಮ ಕಟ್ಟೆ ಮೇಲೆ ಜೀನ್ಸ್ ಗುಡ್ಡೆ, ಅಮ್ಮನ ಕತ್ತರಿ, ನಿನ್ನ ಕತ್ತರಿ.
ಸಂಜೆಗೆ ಎಷ್ಟು ಡಜನ್ ದಾರ ಬಿಡಿಸ್ತಿ?
ಹದಿನಾಲ್ಕು. ಬಾಯಿಗೆ ಬಂದಂಗೆ ಬಂತು ಉತ್ತರ.
ಜಿಪ್ ಸೊಟ್ಟಗಿದ್ದರೆ ಕಣ್ಣು ಬೇಡ, ಬೆರಳಿಗೇ ಗೊತ್ತಾಗ್ತೈತೆ ಅಂತೀಯ.
ಮೇಸ್ತ್ರಿಗೆ ತೆಲುಗಿನಾಗೆ ಲೆಕ್ಕ ಹೇಳ್ತಿ, ಅಮ್ಮನಿಗೆ ಉರ್ದುವಿನಾಗೆ,
ಚೀಟಿ ಮಾತ್ರ ಕನ್ನಡದಾಗೆ.
ಹೋದ ರಂಜಾನಿಗೆ ಅವನ ಎಣಿಕೆ ಎರಡು ಡಜನ್ ಕಡಿಮೆ ಬಿತ್ತು,
ಅವನು ಕೂಗಾಡಿದ,
ನೀನು ಚೀಟಿ ತೋರಿಸಿದಿ.

ಇದೆಲ್ಲ ಬರೀತಾರಾ ಅಂಕಲ್?
ಬರೀಬೇಕು. ಡಜನ್ ಸಮೇತ.

ಹೋದ ತಿಂಗಳು ಗಾದಿಲಿಂಗ ಬಂದಿದ್ದ.
ತಲೆ ಒಣಗಿತ್ತು, ಮುಂದೆ ಅರ್ಧ ಕೂದಲಿಲ್ಲ.
ವಾಚ್‌ಮನ್ ಕೆಲಸ ಬಿಟ್ಟು ಬೇರೆ ನೋಡ್ತಿದಾನೆ.
ಅಣ್ಣಾ, ನನ್ನ ಹಳೇದು ಇರಬೇಕು ನೋಡು, ಅಂದ.
ತೆಗೆದೆ.
ಯಾರದೋ ಹೆಸರು, ಯಾರೋ ಅಪ್ಪ, ಯಾವುದೋ ಓಣಿ.
ಅವನು ಬಗ್ಗಿ, ಬೆರಳಿಟ್ಟು, ಸಾಲುಸಾಲಾಗಿ ಕೆಳಗಿಳಿದ.
ಕೊನೆಗೆ ಬಂದು, ಹಾಂ, ಇದು ನಂದೇ, ಅಂದ.
ಈಗಲೂ ಹೋಗ್ತೀಯೇನೋ ಕಾಲುವೆಗೆ?
ಟೈಮೆಲ್ಲಿ ಅಣ್ಣಾ.
ದುಡ್ಡು ಕೊಡಾಕೆ ಬಂದ. ಏನಂತ ಇಸಕೊಳ್ಳಲಿ?

ಇರಲಿ, ಆ ಫೈಲು ಮುಚ್ಚಿದೆ.
ತಗೋ, ಖಾಲಿ ಹಾಳೆ.
ಮೇಲೆ ನಿನ್ನ ಹೆಸರು, ನೀನೇ ಒತ್ತು;
ಮೊಬೈಲಿನಂಗಲ್ಲ ಇದು, ಅಕ್ಷರ ಎಲ್ಲೆಲ್ಲೋ ಇರ್ತಾವೆ.
ನಿಧಾನಕ್ಕೆ ಹುಡುಕು.
ಇವತ್ತು ನಾಲ್ಕರವರೆಗೂ ಕರೆಂಟ್ ಐತಂತೆ.